ಬ್ಯಾಗಿ ಪ್ಯಾಂಟು, ಜುಲೈ ಮಳೆ ಮತ್ತು 14ರ ಮಗ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ತೆಗೆದ ಪ್ಯಾಂಟು ಓಣಂ ರಜೆಯ ಹೊತ್ತಿಗೆ ಗಿಡ್ಡವಾಯಿತು. ಈಗ ಅವನಿಗೆ ಗೋಣಿಚೀಲದಂಥ ಬ್ಯಾಗಿ ಜೀನ್ಸ್, ತೋಳು ಮೊಣಕೈವರೆಗೆ ಜೋತು ಬೀಳುವ ಕಪ್ಪು ಟೀ ಶರ್ಟು ಬೇಕಂತೆ. ನಾನು ತಂದ ಚೆಂದದ ಚೆಕ್ಸ್ ಶರ್ಟು ಮಡಿಕೆ ಬಿಚ್ಚದೆ ಕಪಾಟಿನಲ್ಲಿದೆ. ದಿನಾ ಜಗಳ. ದಿನಬಳಕೆಗೆ ಎಂಥ ಬಟ್ಟೆ ತೆಗೆಯಲಿ, ಎಷ್ಟು ತೆಗೆಯಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಅಕ್ಕಾ, ಮೊದಲೇ ಹೇಳಿಬಿಡುತ್ತೇನೆ, ಈ ಜಗಳದಲ್ಲಿ ನಾನು ಅರ್ಧ ನಿಮ್ಮ ಮಗನ ಕಡೆ. ದೊಗಳೆ ಬಟ್ಟೆ ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ನಮ್ಮ ಅಜ್ಜಂದಿರು ಮುಂಡು ಉಟ್ಟು, ಹೆಗಲಿಗೊಂದು ಬೈರಾಸು ಹಾಕಿಕೊಂಡು ಓಡಾಡಿದ್ದು ಸುಮ್ನೆ ಅಲ್ಲ. ಕೆಲವು ವರ್ಷಗಳ ಹಿಂದೆ ಹುಡುಗರು ಕಾಲಿಗೆ ಅಂಟಿದ ಪ್ಯಾಂಟು ಬೇಕು ಅಂತ ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದಾಗ ನನಗೆ ಆಗುತ್ತಿದ್ದ ಸಂಕಟಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಜೀನ್ಸ್ ವಿಷಯದಲ್ಲಿ ನಾನು ನಿಮ್ಮ ಕಡೆ. ಸಾಮಾನ್ಯ ದಪ್ಪ ಡೆನಿಮ್ (ಜೀನ್ಸ್ ಬಟ್ಟೆ) ಅಂದರೆ ಚದರ ಗಜಕ್ಕೆ 12 ಔನ್ಸಿನದು. ಒಂದು ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. ಬ್ಯಾಗಿ ಅಂದಮೇಲೆ ಬಟ್ಟೆಯೂ ಜಾಸ್ತಿ. ಒದ್ದೆಯಾದರೆ ಬಕೆಟ್‌ನಿಂದ ಎತ್ತುವುದೇ ಒಂದು ಕೆಲಸ. ಜುಲೈಯಲ್ಲಿ ಅದನ್ನು ಚಾವಡಿಯ ಹಗ್ಗಕ್ಕೆ ಹಾಕಿ ನೋಡಿ. ಮೂರನೇ ದಿನ ಕಾಲಿನ ಭಾಗ ಒಣಗಿರುತ್ತದೆ, ಸೊಂಟದ ಪಟ್ಟಿ ಮತ್ತು ಜೇಬಿನ ಒಳಗೆ ಬೆರಳು ಇಟ್ಟರೆ ಚಂಡಿ. ಆ ಚಂಡಿ ಜಾಗದಲ್ಲೇ ವಾಸನೆ, ಬೂಷ್ಟು, ಆಮೇಲೆ ಮಲೆಯಾಳದಲ್ಲಿ ಕರಿಂಬನ್ ಅನ್ನುವ ಕರಿ ಚುಕ್ಕೆ. ಒಮ್ಮೆ ಆ ಚುಕ್ಕೆ ಕೂತರೆ ಪೂರ್ತಿ ಹೋಗುವುದು ಕಷ್ಟ.

ಅದಕ್ಕೆ ಒಂದು ರಾಜಿ ಹೇಳುತ್ತೇನೆ. ಈಗ ಹುಡುಗರು ಪ್ಯಾರಾಶೂಟ್ ಪ್ಯಾಂಟು ಅನ್ನುತ್ತಾರಲ್ವಾ, ತೆಳು ನೈಲಾನಿನದು, ಸೊಂಟಕ್ಕೂ ಕಾಲ ತುದಿಗೂ ಲಾಡಿ ಇರುವುದು, ಅದನ್ನು ಮಳೆಗಾಲಕ್ಕೆ ಎರಡು ತೆಗೆಸಿ. ಬ್ಯಾಗಿಯೂ ಆಯಿತು, ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುವುದೂ ಆಯಿತು. ಏಪ್ರಿಲ್–ಮೇ ಸೆಕೆಗೆ ಮಾತ್ರ ಅದು ಆಗದು, ಬೆವರಿಗೆ ತೊಡೆಗೆ ಅಂಟುತ್ತದೆ. ಆಗ ತೆಳು ಕಾಟನ್ ಪ್ಯಾಂಟು ಬೇಕು. ಜೀನ್ಸ್ ಒಂದೇ ಒಂದು ಇರಲಿ, ಡಿಸೆಂಬರ್‌ನಲ್ಲಿ ತೆಗೆಯಿರಿ.

ಟೀ ಶರ್ಟಿನ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಜಿಎಸ್‌ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಬಟ್ಟೆಯ ತೂಕ ಅದು. ಓವರ್‌ಸೈಜ್ ಅಂತ ಮಾರುವ ಟೀ ಶರ್ಟುಗಳು ಹೆಚ್ಚಾಗಿ 220, 240 ಇರುತ್ತವೆ. ಮೈಮೇಲೆ ಚೆನ್ನಾಗಿ ಕೂರುತ್ತವೆ, ಒಣಗುವುದಿಲ್ಲ. ಅದೇ ಆಕಾರದಲ್ಲಿ 180ರದ್ದು ಹುಡುಕಿದರೆ ಸಿಗುತ್ತದೆ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಬಾಗಿಲ ಬೆಳಕಿಗೆ ಒಂದೇ ಪದರ ಹಿಡಿಯಿರಿ. ನಿಮ್ಮ ಕೈಬೆರಳಿನ ನೆರಳು ಮಸುಕಾಗಿ ಕಂಡರೆ ಸರಿ. ಏನೂ ಕಾಣದಿದ್ದರೆ ದಪ್ಪ. ಬಲೆಯ ಹಾಗೆ ಕಂಡರೆ ನಾಲ್ಕು ಒಗೆತಕ್ಕೆ ಕುತ್ತಿಗೆ ಜೋಲುತ್ತದೆ. ಕಪ್ಪು ಬಣ್ಣ ಬಿಡುತ್ತದಾ ನೋಡಲು ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಒಳಬದಿಯ ಹೊಲಿಗೆಗೆ ಉಜ್ಜಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಪೂರ್ತಿ ಕಾಟನ್ನೇ ಬೇಕಾ? ಬೇಸಿಗೆಗೆ ಹೌದು. ಹತ್ತಿ ನೂಲು ಗಾಳಿಯ ತೇವವನ್ನೇ ತನ್ನ ತೂಕದ ಸುಮಾರು ಶೇ 8ರಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ ಅರ್ಧವೂ ಇಲ್ಲ. ಸೆಕೆಯಲ್ಲಿ ಬೆವರು ಹೀರುವ ಗುಣವೇ ಮಳೆಯಲ್ಲಿ ಒಣಗದ ಗುಣ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 60 ಪಾಲು ಹತ್ತಿ, 40 ಪಾಲು ಪಾಲಿಯೆಸ್ಟರ್ ಇರುವ ಮಿಶ್ರಣ ಒಳ್ಳೆಯದು. ಪಕ್ಕದ ಹೊಲಿಗೆಯ ಒಳಗೆ ಇರುವ ಲೇಬಲ್ಲಿನಲ್ಲಿ ಬರೆದಿರುತ್ತದೆ. ಇನ್ನೊಂದು, ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಒಣಗಲು ಹಾಕಬೇಡಿ. ಒಂದು ಕಿಡಿ ಹಾರಿದರೆ ಸಾಕು, ಕರಗಿ ತೂತು ಬೀಳುತ್ತದೆ.

ಬೆಳವಣಿಗೆಯದು ಬೇರೆ ಲೆಕ್ಕ. ಹುಡುಗರು ಸಾಮಾನ್ಯವಾಗಿ 13–14ರ ಆಸುಪಾಸು ಅತಿ ವೇಗವಾಗಿ ಉದ್ದವಾಗುತ್ತಾರೆ, ವರ್ಷಕ್ಕೆ 9 ಸೆಂಟಿಮೀಟರಿನಷ್ಟು. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಎದೆ, ಹೆಗಲು. ಅಂದರೆ ಚಪ್ಪಲಿಯ ನಂಬರು ದಿಢೀರನೆ ಏರಿತೋ, ಮುಂದಿನ ಕೆಲವು ತಿಂಗಳು ದುಬಾರಿ ಪ್ಯಾಂಟು ತೆಗೆಯಬೇಡಿ. ಹೊಲಿಸುವುದಾದರೆ ಕೆಳಗೆ ಎರಡು ಇಂಚು ಒಳಮಡಿಕೆ ಬಿಡಲು ಟೈಲರಿಗೆ ಹೇಳಿ. ಕಾಟನ್ ಆದರೆ ಕತ್ತರಿಸುವ ಮೊದಲೇ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಲಿ. ರೆಡಿಮೇಡ್ ಆದರೆ ಇಲಾಸ್ಟಿಕ್ ಅಥವಾ ಲಾಡಿಯ ಸೊಂಟವೇ ಈ ವಯಸ್ಸಿಗೆ ಸರಿ. ನಿಮ್ಮ ಮಗ ಕೇಳುತ್ತಿರುವ ದೊಗಳೆ ಟೀ ಶರ್ಟು ಇನ್ನೂ ಒಂದು ವರ್ಷ ಹೆಚ್ಚು ಬಾಳುತ್ತದೆ, ಅದನ್ನೂ ಯೋಚಿಸಿ.

ಎಷ್ಟು ಬೇಕು ಅಂತ ಕೇಳಿದ್ದೀರಿ. ಮಳೆಗಾಲದ ಲೆಕ್ಕ ಹಿಡಿಯಿರಿ. ಒಂದು ಮೈಮೇಲೆ, ಒಂದು ಬಕೆಟ್‌ನಲ್ಲಿ, ಮೂರು ಹಗ್ಗದಲ್ಲಿ. ಯೂನಿಫಾರ್ಮ್ ಬಿಟ್ಟು ಐದು ಟೀ ಶರ್ಟು, ಮೂರು ಪ್ಯಾಂಟು, ಎರಡು ಚಡ್ಡಿ ಸಾಕು. ತೋಟಕ್ಕೆ ಹೋಗುವ ಹುಡುಗನಾದರೆ ಅದಕ್ಕೆ ಹಳೆಯದೊಂದು ಜೊತೆ ಬೇರೆ ಇಡಿ. ಬಾಳೆಯ ಕರೆ ಹಿಡಿದರೆ ಯಾವ ಸಾಬೂನೂ ಕೆಲಸಕ್ಕೆ ಬರುವುದಿಲ್ಲ.

ಒಳಚಡ್ಡಿ ಮಾತ್ರ ಎಂಟಾದರೂ ಇರಲಿ, ಕಾಟನ್ನೇ ಇರಲಿ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಚಂಡಿ ಒಳಚಡ್ಡಿ ಹಾಕಿಕೊಂಡು ದಿನವಿಡೀ ಬೆಂಚಿನಲ್ಲಿ ಕೂತರೆ ತೊಡೆಸಂದಿಯಲ್ಲಿ ಹುಳಕಡ್ಡಿ ಏಳುತ್ತದೆ. ಈ ವಯಸ್ಸಿನವರು ನಾಚಿಕೆಗೆ ಅಮ್ಮನ ಹತ್ತಿರ ಹೇಳುವುದಿಲ್ಲ. ಮೆಡಿಕಲ್‌ನಿಂದ ಯಾವುದೋ ಮುಲಾಮು ತಂದು ಹಚ್ಚುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ನಿಂತ ಹಾಗೆ ಕಂಡು ಒಳಗೊಳಗೇ ಹರಡುತ್ತದೆ. ಅವನ ಅಪ್ಪನೋ ಮಾವನೋ ಒಮ್ಮೆ ಕೇಳಲಿ. ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಕಾಸರಗೋಡಿಗೋ ಮಂಗಳೂರಿಗೋ ಹೋಗುವಾಗ ಅವನನ್ನು ಕರೆದುಕೊಂಡೇ ಹೋಗಿ. ಬಣ್ಣ, ಆಕಾರ ಅವನು ಆರಿಸಲಿ. ಬಟ್ಟೆ ಮುಟ್ಟಿ ನೋಡಿ ಹೂಂ, ಊಹೂಂ ಅನ್ನುವುದು ನೀವು. ಆ ಚೆಕ್ಸ್ ಶರ್ಟಿನ ಆಸೆ ಬಿಡಿ. ಅವನ ಅಪ್ಪನಿಗೆ ಪಾಸಾಗುತ್ತದಾ ನೋಡಿ.

ಪ್ರಶ್ನೆ: ನನಗೆ 16. ಫುಟ್‌ಬಾಲ್ ಜರ್ಸಿ ಬಿಟ್ಟು ಬೇರೆ ಹಾಕುವುದಿಲ್ಲ. ದಿನಾ ಸ್ನಾನ ಮಾಡಿದರೂ, ಜರ್ಸಿ ಒಗೆದರೂ ಕಂಕುಳ ಹತ್ತಿರ ವಾಸನೆ ಹೋಗುವುದಿಲ್ಲ. ಏನು ಮಾಡಲಿ?
– ಒಬ್ಬ ವಿದ್ಯಾರ್ಥಿ, ಉಪ್ಪಳ

ಉತ್ತರ: ತಪ್ಪು ನಿನ್ನದಲ್ಲ ತಮ್ಮಾ. ಈ ವಯಸ್ಸಿನಲ್ಲಿ ಕಂಕುಳಲ್ಲಿ ಬೇರೆ ಥರದ ಬೆವರು ಗ್ರಂಥಿಗಳು ಕೆಲಸ ಶುರು ಮಾಡುತ್ತವೆ. ಜರ್ಸಿಯ ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಬಿಡುವುದಿಲ್ಲ. ಮೈದಾನದಿಂದ ಬಂದ ತಕ್ಷಣ ಜರ್ಸಿಯನ್ನು ಒಳಮಗ್ಗುಲು ಹೊರಗೆ ಮಾಡಿ ಒಗೆ, ಬ್ಯಾಗಿನಲ್ಲಿ ಮುದ್ದೆ ಮಾಡಿ ಇಡಬೇಡ. ವಾಸನೆ ಈಗಾಗಲೇ ಕೂತಿದ್ದರೆ ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ ಆಮೇಲೆ ಒಗೆ. ಪರಿಮಳದ ಕಂಡೀಷನರ್ ಬೇಡ, ಅದು ನೂಲಿನ ಮೇಲೆ ಪದರ ಕಟ್ಟಿ ವಾಸನೆಯನ್ನು ಒಳಗೇ ಉಳಿಸುತ್ತದೆ. ಜರ್ಸಿ ಆಟಕ್ಕೆ ಇರಲಿ. ಟ್ಯೂಷನ್ನಿಗೆ, ಪೇಟೆಗೆ ಕಾಟನ್ ಹಾಕು.