ಈಜಿಪ್ಟಿನವರು ಹೋರಿಯನ್ನು ಪೂಜಿಸುತ್ತಿದ್ದರಂತೆ. ಹಾಗಾದರೆ ಅದರ ಮಾಂಸ ತಿನ್ನುತ್ತಿರಲಿಲ್ಲವೇ?

ತಿನ್ನುತ್ತಿದ್ದರು. ಹೋರಿಯ ಕಾಲು ಕಟ್ಟಿ ಕೆಡವಿ, ಮುಂದಿನ ತೊಡೆ ಕೊಯ್ದು ತೆಗೆಯುವ ಚಿತ್ರಗಳು ಅವರ ಗೋರಿಗಳ ಗೋಡೆಗಳ ಮೇಲೆ ಬೇಕಾದಷ್ಟಿವೆ. ದೇವರಿಗೆ ಎಡೆ ಇಡುತ್ತಿದ್ದದ್ದೂ ಅದನ್ನೇ.

ಅಲ್ಲಿ ಹೋರಿಗಳೆಲ್ಲ ದೇವರಲ್ಲ. ಮೆಂಫಿಸ್ ಊರಿನಲ್ಲಿ ಪ್ತಾ ದೇವರ ಹೆಸರಲ್ಲಿ ಒಂದು ಹೋರಿ ಇರುತ್ತಿತ್ತು, ಅದು ಏಪಿಸ್. ಒಂದು ಕಾಲಕ್ಕೆ ಒಂದೇ ಏಪಿಸ್. ಅದು ಸತ್ತ ಮೇಲೆ ಅರ್ಚಕರು ಮುಂದಿನದನ್ನು ಹುಡುಕಬೇಕು. ಹೆಲಿಯೊಪೊಲಿಸ್‌ನಲ್ಲಿ ‘ರಾ’ ಅನ್ನುವ ಸೂರ್ಯದೇವರಿಗೆ ಮ್ನೆವಿಸ್, ಅರ್ಮಂತ್‌ನಲ್ಲಿ ಮೊಂತು ದೇವರಿಗೆ ಬುಖಿಸ್ ಅಂತ ಬೇರೆ ಹೋರಿಗಳೂ ಇದ್ದವು.

ಏಪಿಸ್‌ನ ಗುರುತುಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ: ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ಮಚ್ಚೆ, ಬೆನ್ನಿನ ಮೇಲೆ ಹದ್ದಿನ ಆಕಾರ, ನಾಲಿಗೆ ಕೆಳಗೆ ಜೀರುಂಡೆಯಂಥ ಗುರುತು. ನಿಮ್ಮ ಪ್ರಶ್ನೆಗೆ ಉತ್ತರವೂ ಅವನಲ್ಲೇ ಇದೆ. ಬಲಿ ಕೊಡುವ ಮುಂಚೆ ಇಂಥ ಗುರುತು ಏನಾದರೂ ಇದೆಯಾ ಅಂತ ಅರ್ಚಕ ಹೋರಿಯನ್ನು ನಿಲ್ಲಿಸಿ, ಮಲಗಿಸಿ, ನಾಲಿಗೆ ಎಳೆದು ನೋಡುತ್ತಿದ್ದನಂತೆ. ಒಂದೇ ಒಂದು ಕಪ್ಪು ಕೂದಲು ಸಿಕ್ಕರೂ ಆ ಹೋರಿ ಬಲಿಗೆ ಬರುವುದಿಲ್ಲ. ಏನೂ ಸಿಗದಿದ್ದರೆ ಕೊಂಬಿಗೆ ಪಪೈರಸ್ ಅನ್ನುವ ಜೊಂಡು ಸುತ್ತಿ, ಜೇಡಿಮಣ್ಣು ಮೆತ್ತಿ, ಉಂಗುರದಿಂದ ಮುದ್ರೆ ಒತ್ತುತ್ತಿದ್ದ. ಮುದ್ರೆ ಇಲ್ಲದ್ದನ್ನು ಬಲಿ ಕೊಟ್ಟರೆ ಮರಣದಂಡನೆ! ಹಸುಗಳನ್ನು ಮಾತ್ರ ಬಲಿ ಕೊಡುತ್ತಿರಲಿಲ್ಲ, ಅವು ಐಸಿಸ್ ದೇವಿಗೆ ಸೇರಿದವು ಅನ್ನುತ್ತಾನೆ.

ಏಪಿಸ್ ಸತ್ತರೆ ರಾಜನಿಗೆ ಮಾಡಿದ ಹಾಗೇ ಮಮ್ಮಿ ಮಾಡಿ ಸಕ್ಕಾರಾದ ನೆಲಮಾಳಿಗೆಯಲ್ಲಿ ಹೂಳುತ್ತಿದ್ದರು. 1851ರಲ್ಲಿ ಫ್ರೆಂಚ್ ಪುರಾತತ್ವಜ್ಞ ಆಗಸ್ಟ್ ಮಾರಿಯೆಟ್ ಅದರೊಳಗೆ ಇಳಿದ. ಅಲ್ಲಿರುವ ಕಲ್ಲಿನ ಶವಪೆಟ್ಟಿಗೆಗಳಲ್ಲಿ ಕೆಲವು 60 ಟನ್‌ಗೂ ಜಾಸ್ತಿ ತೂಗುತ್ತವೆ. ಒಂದು ಹೋರಿಗೆ! ಇವುಗಳನ್ನು ಅನ್ಯಗ್ರಹದವರು ಮಾಡಿದರು ಅಂತ ಯೂಟ್ಯೂಬ್‌ನಲ್ಲಿ ಹೇಳುವವರಿದ್ದಾರೆ, ಸುಮ್ನೆ ಬಿಟ್ಟುಬಿಡಿ. ಕೆಲವು ಪೆಟ್ಟಿಗೆಗಳ ಮೇಲೆ ರಾಜರ ಹೆಸರೇ ಕೆತ್ತಿದೆ.

ಈಜಿಪ್ಟನ್ನು ಗೆದ್ದ ಪರ್ಷಿಯಾದ ರಾಜ ಕ್ಯಾಂಬಿಸಿಸ್ ಏಪಿಸ್‌ನ ತೊಡೆಗೆ ಇರಿದು ಕೊಂದದ್ದು ನಿಜವಾ ಅಂತಲೂ ಕೇಳಿದ್ದೀರಿ. ಅದೂ ಹೆರೊಡೋಟಸ್ ಹೇಳಿದ ಕಥೆಯೇ. ನನಗಂತೂ ನಂಬಿಕೆಯಿಲ್ಲ. ಕ್ರಿ.ಪೂ. 524ರಲ್ಲಿ ಒಂದು ಏಪಿಸನ್ನು ಸಕಲ ಮರ್ಯಾದೆಯೊಂದಿಗೆ ಹೂಳಲಾಯಿತು ಅನ್ನುವ ಶಾಸನ ಸಕ್ಕಾರಾದಲ್ಲೇ ಸಿಕ್ಕಿದೆ. ಆ ಹೋರಿಗೆ ಶವಪೆಟ್ಟಿಗೆ ಮಾಡಿಸಿಕೊಟ್ಟವನು ಇದೇ ಕ್ಯಾಂಬಿಸಿಸ್.