ಆಫೀಸ್ ಪಾರ್ಟಿ ದಿನವೇ ಆರ್‌ಸಿಬಿ ಮ್ಯಾಚ್ ಬಂದರೆ ಬೊಬ್ಬೆ ಹಾಕಬಹುದಾ?

ಹಾಕಬಹುದು. ಆದರೆ 240 ಬಾಲಿಗೂ ಅಲ್ಲ.

ನೀವು ಕೇಳಿದ್ದು ಇಷ್ಟು. ಮೈಸೂರು ಬಿಟ್ಟು ಮಂಗಳೂರಿನ ಒಂದು ಕಂಪೆನಿಗೆ ಸೇರಿ ಹೆಚ್ಚು ದಿನ ಆಗಿಲ್ಲ. ಮುಂದಿನ ವಾರ ಸಸಿಹಿತ್ಲು ಬೀಚ್ ಕಡೆಯ ಹೋಂಸ್ಟೇಯಲ್ಲಿ ತಂಡದವರ ಗೆಟ್‌ಟುಗೆದರ್. ಅದೇ ರಾತ್ರಿ ಆರ್‌ಸಿಬಿ ಮ್ಯಾಚ್. ಮ್ಯಾಚ್ ಶುರುವಾದರೆ ನಿಮಗೆ ಮೈಮೇಲೆ ಬಂದ ಹಾಗೆ ಆಗುತ್ತದೆ. ಹಳೆಯ ಆಫೀಸಿನಲ್ಲಿ ಅದಕ್ಕೇ ಅಡ್ಡಹೆಸರು ಬಿದ್ದಿತ್ತು. ಇಲ್ಲಿ ಬಾಯಿ ಹೊಲಿದುಕೊಂಡು ಕೂರಲಾ ಅಂತ ಕೇಳಿದ್ದೀರಿ.

ಬೇಡ. ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಕದ್ದು ಸ್ಕೋರ್ ನೋಡುವವನು ಬೊಬ್ಬೆ ಹಾಕುವವನಿಗಿಂತ ಜಾಸ್ತಿ ಕಿರಿಕಿರಿ. ಎಂತ ಕೇಳಿದರೂ "ಹ್ಞಾಂ ಹ್ಞಾಂ" ಅನ್ನುತ್ತಾನೆ. ಎದುರಿನವರು ಏನು ಕೇಳಿದರು ಅಂತ ಅವನಿಗೇ ಗೊತ್ತಿರುವುದಿಲ್ಲ.

ನಾನು ಈ ಊರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಪಾರ್ಟಿ ಇದ್ದರೆ ಜಾಗ ಹುಡುಕುವುದು, ಊಟಕ್ಕೆ ಹೇಳುವುದು, ಕೊನೆಗೆ ಬಿಲ್ ಪಾಸ್ ಮಾಡುವುದು ಎಲ್ಲ ನನ್ನ ತಲೆಗೇ. ಆರ್‌ಸಿಬಿ ಹುಚ್ಚು ನನಗೂ ಉಂಟು. ನಾನು ಹೆಂಗಸು. ಹಾಗಾಗಿ ನಾನು ಕಿರುಚಿದರೆ ಜನ ಟಿವಿ ನೋಡುವ ಮೊದಲು ನನ್ನ ಗಂಡನ ಮುಖ ನೋಡುತ್ತಾರೆ. ಪಾಪ, ಅವರಿಗೆ ಕ್ರಿಕೆಟ್ ಅಂದರೆ ಅಷ್ಟಕ್ಕಷ್ಟೆ.

ಹೊಸಬರು ಅಂತ ಒಂದು ಮಾತು ಹೇಳುತ್ತೇನೆ. ನಮ್ಮ ಕಡೆ ಗೌಜಿಗೆ ಯಾರೂ ಹೆದರುವುದಿಲ್ಲ. ರಾತ್ರಿಯಿಡೀ ಚೆಂಡೆ ಕೇಳಿ ಬೆಳೆದವರು ನಿಮ್ಮ ಒಂದು ಕಿರುಚಾಟಕ್ಕೆ ಬೆಚ್ಚುತ್ತಾರಾ? ಒಮ್ಮೆ ಕಂಬಳಕ್ಕೆ ಹೋಗಿ ನೋಡಿ. ಸೀಸನ್ ನವೆಂಬರಿನಲ್ಲಿ ಶುರುವಾಗುತ್ತದೆ. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಸರಿಯಾಗಿ ನಿಲ್ಲಿಸುವುದಕ್ಕೇ ತುಂಬಾ ಹೊತ್ತು ಹಿಡಿಯುತ್ತದೆ. ಆಗ ಎಲ್ಲರೂ ಅವರವರ ಪಾಡಿಗೆ ಇರುತ್ತಾರೆ. ಕೋಣ ಬಿಟ್ಟರು ಅಂದ ಕೂಡಲೇ ಕರೆಯ, ಅಂದರೆ ಓಟದ ಕೆಸರುಗದ್ದೆಯ, ಎರಡೂ ಬದಿ ಎದ್ದು ನಿಲ್ಲುತ್ತದೆ. ಓಟ ಮುಗಿಯುವ ಮಂಜೊಟ್ಟಿ ಮುಟ್ಟುವವರೆಗೆ ಯಾರು ಯಾರ ಹೆಗಲು ಹಿಡಿದು ಅಲ್ಲಾಡಿಸಿದರೂ ಕೇಳುವವರಿಲ್ಲ. ಮುಗಿಯಿತಾ, ಅದೇ ಮನುಷ್ಯ ಚರುಮುರಿ ತಿನ್ನುತ್ತಾ ಅಡಿಕೆ ರೇಟು ವಿಚಾರಿಸುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದರು, ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶವೆಲ್ಲ ಸುದ್ದಿಯಾಯಿತಲ್ಲ, ಅದಕ್ಕೆ ಹಿಡಿದದ್ದು 13.62 ಸೆಕೆಂಡು. ಅಂದರೆ ಬೊಬ್ಬೆಯೂ ಅಷ್ಟೇ ಹೊತ್ತು.

ಕ್ರಿಕೆಟ್‌ನವರದ್ದು ಹಾಗಲ್ಲ. ಏಳೂವರೆಗೆ ಶುರುವಾದರೆ ಹನ್ನೊಂದು ದಾಟುತ್ತದೆ. ಅಷ್ಟು ಹೊತ್ತೂ ಒಂದೇ ಸಮನೆ ಕಿರುಚಿದರೆ ಕೇಳುವವರಿಗೆ ಮಂಡೆ ಬಿಸಿಯಾಗದೆ ಇನ್ನೇನಾಗುತ್ತದೆ? ಮೂರನೇ ಓವರಿನ ಒಂದು ವೈಡಿಗೂ ಕೊನೆಯ ಓವರಿನ ಸಿಕ್ಸರಿಗೂ ಒಂದೇ ಗಂಟಲು ಹಾಕುವವನನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ನಿಮ್ಮ ಓವರ್‌ಗಳನ್ನು ಮೊದಲೇ ಆರಿಸಿಕೊಳ್ಳಿ. ನನ್ನ ಲೆಕ್ಕ ಹೀಗೆ. ಪವರ್‌ಪ್ಲೇ ಅನ್ನುವ ಮೊದಲ ಆರು ಓವರ್ ಹೊತ್ತಿಗೆ ಜನ ಇನ್ನೂ ಬರುತ್ತಾ ಇರುತ್ತಾರೆ. ಆಗ ಟಿವಿ ಮುಂದೆ ಬೇರು ಬಿಡಬೇಡಿ, ಎಲ್ಲರನ್ನೂ ಮಾತಾಡಿಸಿ. ಇನ್ನಿಂಗ್ಸಿಗೆ ಎರಡರಂತೆ ಒಟ್ಟು ನಾಲ್ಕು ಸಲ ಎರಡೂವರೆ ನಿಮಿಷದ ಟೈಮ್‌ಔಟ್ ಉಂಟು. ಜಾಹೀರಾತು ನೋಡುವ ಬದಲು ಎದ್ದು ಒಂದು ಸುತ್ತು ಬನ್ನಿ. ನಡುವಿನ ಬ್ರೇಕಿನಲ್ಲಿ ಊಟ ಮಾಡಿ, ಅದೂ ಕ್ರಿಕೆಟ್ ಗೊತ್ತಿಲ್ಲದವರ ಪಕ್ಕ ಕೂತು. ಕೊನೆಯ ನಾಲ್ಕು ಓವರ್ ಪೂರ್ತಿ ನಿಮ್ಮದು. "ಇನ್ನು ನನ್ನನ್ನು ಹಿಡಿಯಬೇಡಿ" ಅಂತ ಹೇಳಿಯೇ ಕೂತುಕೊಳ್ಳಿ. ಹೇಳಿ ಹಾಕಿದ ಬೊಬ್ಬೆಯನ್ನು ಜನ ನಗುನಗುತ್ತಾ ನೋಡುತ್ತಾರೆ.

2025ರ ಜೂನ್ 3ರ ಐಪಿಎಲ್ ಫೈನಲ್ ನೆನಪಿಸಿಕೊಳ್ಳಿ. ಆರ್‌ಸಿಬಿ ಹೊಡೆದದ್ದು 190. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು. ಮೊದಲ ಎರಡು ಬಾಲಿಗೆ ರನ್ನಿಲ್ಲ. ಆಮೇಲೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್ ಅಂತ ಹೊಡೆದರೂ ನಾವು 6 ರನ್ನಿನಿಂದ ಗೆದ್ದೆವು. ಆಟ ಮುಗಿಯುವ ಮೊದಲೇ ಕೊಹ್ಲಿ ಕಣ್ಣಲ್ಲಿ ನೀರು. ಹದಿನೆಂಟು ಸೀಸನ್ "ಈ ಸಲ ಕಪ್ ನಮ್ದೇ" ಅಂದವರು ಅಂಥ ಓವರಿಗೂ ಕಿರುಚದೆ ಕೂತರೆ ನನಗೆ ಅವರ ಮೇಲೆ ಡೌಟು. (2024ರ ಮಾರ್ಚಿನಲ್ಲಿ ಸ್ಮೃತಿ ಮಂಧಾನರ ಆರ್‌ಸಿಬಿ ಹೆಂಗಸರ ತಂಡ ಕಪ್ ಗೆದ್ದ ರಾತ್ರಿ ಈ ಗಂಡಸರ ಗಂಟಲೆಲ್ಲ ಎಲ್ಲಿತ್ತೋ. ಇರಲಿ.)

ಇನ್ನು ಬೊಬ್ಬೆಗಿಂತ ದೊಡ್ಡ ವಿಷಯ. ಕರ್ನಾಟಕ ಅಂದ ಮೇಲೆ ಇಲ್ಲಿಯವರೆಲ್ಲ ಆರ್‌ಸಿಬಿ ಅಂತ ತಿಳಿಯಬೇಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬ ಮಾವನೋ ಚಿಕ್ಕಪ್ಪನೋ ಮುಂಬೈಯಲ್ಲಿ ಹೋಟೆಲ್ ಇಟ್ಟವರು. ಪ್ರತಿ ರಜೆಗೂ ಅಲ್ಲಿಗೆ ಹೋಗಿ ಬೆಳೆದವರಿಗೆ ರೋಹಿತ್ ಶರ್ಮಾ ಬಿಟ್ಟರೆ ಬೇರೆ ದೇವರಿಲ್ಲ. ಐದು ಬೆರಳು ತೋರಿಸಿ ಐದು ಕಪ್ ಅನ್ನುತ್ತಾರೆ. ಕಾಸರಗೋಡಿನಿಂದ ರೈಲಿನಲ್ಲಿ ಬರುವವರ ಲೆಕ್ಕ ಬೇರೆ, ಅವರಲ್ಲಿ ಅರ್ಧ ಜನ ಫುಟ್‌ಬಾಲ್. ಎಲ್ಲದಕ್ಕಿಂತ ನಾಜೂಕಿನ ವಿಷಯ ಕೆ.ಎಲ್. ರಾಹುಲ್.

ರಾಹುಲ್ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಬೆಳೆದದ್ದು ಸುರತ್ಕಲ್‌ನಲ್ಲಿ. ತಂದೆ ಅಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಪ್ರೊಫೆಸರ್ ಆಗಿದ್ದವರು. ಸುರತ್ಕಲ್‌ನವರಿಗೆ ಅವನು ಯಾವ ತಂಡಕ್ಕೆ ಆಡಿದರೂ ಮನೆ ಮಗನೇ. 2025ರ ಏಪ್ರಿಲ್ 10ಕ್ಕೆ ನಮ್ಮ ಆಫೀಸಿನಲ್ಲಿ ಮಾರ್ಚ್ ಕ್ಲೋಸಿಂಗ್ ಮುಗಿದ ಖುಷಿಗೆ ಊಟ ಇತ್ತು. ಕೋರಿ ರೊಟ್ಟಿ, ನೀರ್ ದೋಸೆ, ಮೂಲೆಯಲ್ಲಿ ಟಿವಿ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 163. ಡೆಲ್ಲಿ 58ಕ್ಕೆ 4. ನಮ್ಮಲ್ಲೊಬ್ಬ ಆಗಲೇ ಕುರ್ಚಿ ಮೇಲೆ ಹತ್ತಿ ನಿಂತಿದ್ದ. ಆಮೇಲೆ ಆದದ್ದು ನಿಮಗೂ ಗೊತ್ತಲ್ಲ. ಡೆಲ್ಲಿಗೆ ಆಡುತ್ತಿದ್ದ ರಾಹುಲ್ 93 ಹೊಡೆದು ಔಟಾಗದೆ ಉಳಿದ. ಸಿಕ್ಸ್ ಹೊಡೆದು ಗೆಲ್ಲಿಸಿ, ಬ್ಯಾಟಿನಲ್ಲಿ ನೆಲದ ಮೇಲೆ ಒಂದು ಸುತ್ತು ಗೆರೆ ಎಳೆದು, ನಡುವೆ ಕುಟ್ಟಿ, ಇದು ನನ್ನ ಗ್ರೌಂಡ್ ಅಂತ ತೋರಿಸಿದ. ಕುರ್ಚಿ ಮೇಲಿದ್ದವನ ಬಾಯಿಂದ ಒಂದು ಕೆಟ್ಟ ಮಾತು ಬಂತು. ಸುರತ್ಕಲ್‌ನವರು ಕೂತಿದ್ದ ಮೇಜು ಅಲ್ಲಿಗೇ ತಣ್ಣಗಾಯಿತು. ಒಬ್ಬರು ಅರ್ಧ ಊಟದಲ್ಲಿ ಎದ್ದು ಕೈ ತೊಳೆದರು. ಬೈದವನಿಗೆ ಎಂತ ಆಯಿತು ಅಂತ ಗೊತ್ತಾಗಲಿಲ್ಲ. "ಆಟ ಅಲ್ವಾ, ಸುಮ್ನೆ ಹೇಳಿದ್ದು" ಅಂದ.

ಅದಕ್ಕೇ ಹೇಳುವುದು, ಟಿವಿಯ ಎದುರು ಎಷ್ಟು ಬೇಕಾದರೂ ಕುಣಿಯಿರಿ, ಯಾವ ಆಟಗಾರನಿಗೂ ಬೈಯಬೇಡಿ. ಅವನು ಯಾರ ಊರಿನವನು, ಯಾರ ಮಗನ ಕ್ಲಾಸ್‌ಮೇಟ್ ಅಂತ ನಿಮಗೆ ಗೊತ್ತಿರುವುದಿಲ್ಲ. ಹೊಸಬರು ಬೈದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಗೆದ್ದ ಮೇಲೆ ರಾತ್ರಿ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಟ್ರೋಲ್ ಹಾಕುವ ಆಸೆಯಾಗುತ್ತದೆ. ಅದನ್ನು ಫ್ರೆಂಡ್ಸ್ ಗ್ರೂಪಿಗೆ ಹಾಕಿ.

ಇನ್ನೊಂದು ರೋಗ, "ಯಾರೂ ಜಾಗ ಬಿಟ್ಟು ಏಳಬೇಡಿ, ಎದ್ದರೆ ವಿಕೆಟ್ ಬೀಳುತ್ತದೆ". ಮನೆಯಲ್ಲಿ ನಾನೂ ಹೇಳುತ್ತೇನೆ, ಮಗ ಬಾಗಿಲ ಹತ್ತಿರ ಒಂಟಿ ಕಾಲಲ್ಲಿ ನಿಂತದ್ದೂ ಉಂಟು. ಆದರೆ ಮ್ಯಾನೇಜರ ತಾಯಿಯನ್ನು ಬಾತ್‌ರೂಮಿಗೆ ಹೋಗದ ಹಾಗೆ ಕೂರಿಸಲು ನೋಡಿದ ಮಹಾನುಭಾವನನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸುಲಭಕ್ಕೆ ಕ್ಷಮಿಸದ ವಿಷಯ ಒಂದೇ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತು. ಅವರು ಮಾತಾಡಲು ನಿಂತರು. ಇಡೀ ಸರ್ವೀಸಿನಲ್ಲಿ ಅವರು ಮೈಕ್ ಹಿಡಿದದ್ದು ಅದೇ ಮೊದಲು. ಮನೆಯಿಂದ ಬರೆದುಕೊಂಡು ಬಂದಿದ್ದ ಚೀಟಿ ಕೈಯಲ್ಲಿ ನಡುಗುತ್ತಿತ್ತು. ತೀರಿಹೋದ ಅಣ್ಣ ತನ್ನನ್ನು ಓದಿಸಿದ ಕತೆಗೆ ಬಂದಿದ್ದರು. ಹಿಂದಿನ ಸಾಲಿನಿಂದ "ಸಿಕ್ಸ್!" ಅಂತ ಬೊಬ್ಬೆ. ಹಾಲಿನಲ್ಲಿ ಅರ್ಧ ಜನ ನಕ್ಕರು. ಅವರು ದೊಡ್ಡ ಮನುಷ್ಯ, ಚೀಟಿ ಮಡಚಿ "ಎಷ್ಟಾಯಿತು ಸ್ಕೋರು?" ಅಂತ ಕೇಳಿದರು. ಮತ್ತೆ ಅದನ್ನು ಬಿಡಿಸಲಿಲ್ಲ. ಅವರ ಹೆಂಡತಿ ನನ್ನ ಎದುರು ಸಿಕ್ಕಿದಾಗಲೆಲ್ಲ ಇವತ್ತಿಗೂ ಅದನ್ನೇ ಎತ್ತುತ್ತಾರೆ. ಯಾರಾದರೂ ಮಾತಾಡಲು ನಿಂತರೆ ಮೊಬೈಲ್ ಕಿಸೆಗೆ ಹಾಕಿ. ವಿಕೆಟ್ ಬಿದ್ದರೆ ಬೀಳಲಿ, ರಿಪ್ಲೇ ಸಿಗುತ್ತದೆ.

ಗೆದ್ದ ಖುಷಿಯಲ್ಲೂ ಸುತ್ತಮುತ್ತ ಏನಾಗುತ್ತಿದೆ ಅಂತ ಒಂದು ಕಣ್ಣಿರಬೇಕು. ಆ 2025ರ ಫೈನಲ್‌ನ ಮರುದಿನ ಸಂಜೆ ನಮ್ಮಲ್ಲಿ ಕೇಕ್ ಕತ್ತರಿಸುವುದು ಅಂತ ಇತ್ತು. ಚಿನ್ನಸ್ವಾಮಿ ಹೊರಗಿನ ನೂಕುನುಗ್ಗಲಿನ ಸುದ್ದಿ ಬಂತು. 11 ಜನ ತೀರಿಹೋದರು. ಕೇಕ್ ಕತ್ತರಿಸಲಿಲ್ಲ. ಬೇಡ ಅಂತ ಮೊದಲು ಹೇಳಿದ್ದು ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಆರ್‌ಸಿಬಿ ಹುಚ್ಚನೇ.

ಅಡ್ಡಹೆಸರಿನ ಚಿಂತೆ ಬಿಡಿ, ಅದು ಹೇಗೂ ಬೀಳುತ್ತದೆ. ಒಂದು ಉಪಾಯ ಹೇಳುತ್ತೇನೆ, ಕೈಗೆ ಏನಾದರೂ ಕೆಲಸ ಹಿಡಿದುಕೊಳ್ಳಿ. ಬಂಗುಡೆ ಫ್ರೈ ಮಾಡುವ ಕಾವಲಿ ಟಿವಿ ಕಾಣುವ ಜಾಗದಲ್ಲಿ ಇಡಿಸಿ, ಸೌಟು ನೀವೇ ಹಿಡಿಯಿರಿ. ಬಿಸಿಬಿಸಿ ಮೀನು ಬಡಿಸುವವನ ಬೊಬ್ಬೆ ನಮ್ಮೂರಿನಲ್ಲಿ ಯಾರಿಗೂ ಕಿರಿಕಿರಿ ಆಗುವುದಿಲ್ಲ. ಕುಡಿಯುವ ಅಭ್ಯಾಸ ಇದ್ದರೆ ಮ್ಯಾಚ್ ಮುಗಿಯುವವರೆಗೆ ಬೇಡ. ಎರಡು ನಶೆ ಒಟ್ಟಿಗೆ ಏರಿದರೆ ನನ್ನ ಲೆಕ್ಕಾಚಾರ ಯಾವುದೂ ನಡೆಯುವುದಿಲ್ಲ.

ಮತ್ತೆ ಹೋಂಸ್ಟೇಯವರಿಗೆ ಇವತ್ತೇ ಫೋನ್ ಮಾಡಿ ಇನ್ವರ್ಟರ್ ಟಿವಿಗೆ ಕನೆಕ್ಟ್ ಉಂಟಾ ಕೇಳಿ. ಮೇ ಕೊನೆಯ ಗಾಳಿಮಳೆಗೆ ಸಮುದ್ರದ ಬದಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಆಗುವುದಿಲ್ಲ. ನೆಟ್‌ವರ್ಕ್ ಅಂತೂ ಅದಕ್ಕಿಂತ ಮೊದಲೇ ಹೋಗಿರುತ್ತದೆ ಮಾರಾಯ್ರೆ.