ಹಳೆಯ ಪುಷ್ಪಕ ಕೊಳ್ಳುವ ಮುನ್ನ

ಬೆಳಗಾವಿಯ ಸಾಂಬ್ರಾದಲ್ಲಿ ಹಾರಾಟ ಕಲಿಯುತ್ತಿರುವಾಗಲೇ ಹಳೆಯ ಪುಷ್ಪಕ ವಿಮಾನ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎನ್ನುತ್ತೇನೆ.

ನನಗೂ ಅದರ ಮೇಲೆ ಬಹಳ ಪ್ರೀತಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ, ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳನ್ನು ರೂಪಿಸಿದ ವಿಮಾನವದು. ಆದರೆ ಪುಷ್ಪಕದಂಥ, ಬಾಲದಡಿ ಸಣ್ಣ ಚಕ್ರವಿರುವ ಹಿಂಬದಿ ಚಕ್ರದ ವಿಮಾನಗಳಲ್ಲಿ ಗುರುತ್ವ ಕೇಂದ್ರವು ಮುಖ್ಯ ಚಕ್ರಗಳ ಹಿಂದಿರುತ್ತದೆ. ಇಳಿದು ಓಡುವಾಗ ಮೂತಿ ತುಸು ಅತ್ತಿತ್ತ ಹೊರಳಿದರೂ ಬಾಲ ಮುಂದಕ್ಕೆ ನುಗ್ಗಲು ನೋಡುತ್ತದೆ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನ ಪೆಡಲನ್ನು ಕಾಲಿನಿಂದ ಒತ್ತುವುದು ತಡವಾದರೆ ವಿಮಾನ ಗಿರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯಬಹುದು. ಮೂತಿಯಡಿ ಚಕ್ರವಿರುವ ಸೆಸ್ನಾ ತರಬೇತಿ ವಿಮಾನಕ್ಕೆ ಒಗ್ಗಿದ ಕಾಲುಗಳಿಗೆ ಇದನ್ನು ಪಳಗಿದ ಬೋಧಕರೇ ಕಲಿಸಬೇಕು. ಅಂಥವರು ಹತ್ತಿರದಲ್ಲಿ ಇದ್ದಾರೆಯೇ? ವಿದ್ಯಾರ್ಥಿ ಪರವಾನಗಿಯಲ್ಲಿ ಬೋಧಕರ ಅನುಮತಿಯಿಲ್ಲದೆ ಒಬ್ಬರೇ ಹಾರುವಂತೆಯೂ ಇಲ್ಲ.

ಕೊಳ್ಳಲೇಬೇಕೆಂದರೆ ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಬಟ್ಟೆಯ ಹೊದಿಕೆಯ ಒಳಗಿನ ಉಕ್ಕಿನ ಕೊಳವೆಗಳಿಗೆ, ಅದರಲ್ಲೂ ನೀರು ನಿಲ್ಲುವ ಬಾಲದ ಕೆಳಭಾಗಕ್ಕೆ, ತುಕ್ಕು ಹಿಡಿದಿದೆಯೇ ಎಂದು ಪರವಾನಗಿ ಪಡೆದ ಎಂಜಿನಿಯರ್ ಕೈಯಲ್ಲಿ ನೋಡಿಸಿ. ಹಾರಾಟ, ದುರಸ್ತಿಗಳ ದಾಖಲೆಯಾದ ಲಾಗ್‌ಬುಕ್‌ಗಳು ಪೂರ್ತಿ ಇರಬೇಕು, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಹಾರಾಟ ಯೋಗ್ಯತಾ ಪತ್ರ ಚಾಲ್ತಿಯಲ್ಲಿರಬೇಕು. ಬೆಳಗಾವಿಯ ಮಳೆಯಲ್ಲಿ ಬಟ್ಟೆ ಹೊದಿಸಿದ ವಿಮಾನವನ್ನು ಬಯಲಿನಲ್ಲಿ ನಿಲ್ಲಿಸುವುದಂತೂ ಆಗದ ಮಾತು. ಹಣ ಕೊಡುವ ಮೊದಲು ವಿಮಾನ ನಿಲ್ಲಿಸುವ ಶೆಡ್ಡಾದ ಹ್ಯಾಂಗರ್‌ನಲ್ಲಿ ಜಾಗ ಗಟ್ಟಿ ಮಾಡಿಕೊಳ್ಳಿ.